ಅಂಕಿಗಳ ಊರಿನಲ್ಲಿ ದೀಪಾವಳಿ

ಇಟಲಿಗೆ ಹೋಗಿ ಬಂದವರನ್ನು ನಮ್ಮವರು ಕೇಳುವ ಮೊದಲ ಪ್ರಶ್ನೆ, “ರೋಮ್ ನೋಡಿದಿರಾ? ವೆನಿಸ್ ನೋಡಿದಿರಾ?” ಎಂಬುದು. ಎರಡನ್ನೂ ನೋಡಿದೆನೆಂದು ಹೇಳಿ ನಾನು ಮರ್ಯಾದೆ ಉಳಿಸಿಕೊಳ್ಳಬಲ್ಲೆ. ಆದರೆ ಆ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ನಿಂತುಹೋದದ್ದು ವೆನಿಸ್ಸಿನ ದೋಣಿಗಳಲ್ಲ, ರೋಮಿನ ಭಗ್ನ ಭವನಗಳೂ ಅಲ್ಲ. ಆಡ್ರಿಯಾಟಿಕ್ ಸಮುದ್ರದ ದಂಡೆಗೆ ಸಮೀಪದಲ್ಲಿ, ಒಂದರ ಬೆನ್ನಿಗೊಂದು ಅಂಟಿಕೊಂಡಿರುವ ಮೂರು ಸಣ್ಣ ಊರುಗಳು. ಆ ಊರುಗಳಲ್ಲಿ ಮನೆಯ ಗೋಡೆಗಳ ಮೇಲೆ, ಅಂಗಡಿಯ ಬಾಗಿಲುಗಳ ಮೇಲೆ, ಮಕ್ಕಳ ಟೊಪ್ಪಿಗೆಗಳ ಮೇಲೆ ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ಅವು ಲಾಟರಿಯ ಸಂಖ್ಯೆಗಳಲ್ಲ, ಜ್ಯೋತಿಷ್ಯದವೂ ಅಲ್ಲ. ಮೋಟಾರ್ ಸೈಕಲ್ ಪಂದ್ಯದ ಸವಾರರು ತಮ್ಮ ವಾಹನದ ಮೂತಿಗೆ ಅಂಟಿಸಿಕೊಂಡು ಓಡುವ ಸಂಖ್ಯೆಗಳು!

ನನ್ನ ಮಗಳ ಸಂಸಾರ ಬೊಲೊನ್ಯ ಪಟ್ಟಣದಲ್ಲಿದೆ. 2024ರ ಶರತ್ಕಾಲದಲ್ಲಿ ನಾನು ಅಲ್ಲಿಗೆ ಹೋದಾಗ ಮನೆಯೊಳಗೆ ಒಂದು ಶೀತಲ ಸಮರ ನಡೆದಿತ್ತು. ಹನ್ನೆರಡು ವರ್ಷದ ಮೊಮ್ಮಗನಿಗೆ ಪುಟಾಣಿ ಮೋಟಾರ್ ಸೈಕಲ್ಲುಗಳ ಪಂದ್ಯಕ್ಕೆ ಸೇರಬೇಕೆಂಬ ಹುಚ್ಚು. ಆ ಸೀಮೆಯಲ್ಲಿ ಹುಡುಗರು ಎಂಟು ಹತ್ತು ವರ್ಷಕ್ಕೇ ಮೊಣಕಾಲೆತ್ತರದ ಬೈಕುಗಳನ್ನೇರಿ ಪಂದ್ಯವಾಡುವುದುಂಟು. ಸಂಘದವರು ಕೊಟ್ಟ ಅರ್ಜಿಯ ಹಾಳೆಯೊಂದು ಅಡಿಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದ ಬಿಲ್ಲೆಯಿಂದ ಅಂಟಿಕೊಂಡಿತ್ತು. ಅದರಲ್ಲಿ ಎರಡು ಜಾಗಗಳು ಖಾಲಿ. ಒಂದು, ಹುಡುಗನು ತಾನೇ ಆರಿಸಿಕೊಳ್ಳಬೇಕಾದ ಪಂದ್ಯದ ಸಂಖ್ಯೆ. ಇನ್ನೊಂದು, ತಾಯಿತಂದೆಗಳ ಒಪ್ಪಿಗೆಯ ರುಜು. ಮೊದಲನೆಯದನ್ನು ತುಂಬಲು ಹುಡುಗನಿಗೆ ನಿರ್ಧಾರವಾಗಿರಲಿಲ್ಲ. ಎರಡನೆಯದನ್ನು ತುಂಬುವ ಮನಸ್ಸು ನನ್ನ ಮಗಳಿಗಿರಲಿಲ್ಲ.

“ತಾತ, ನೀವೆಲ್ಲ ತಿರುಪತಿಗೆ ಹೋಗುವ ಹಾಗೆ ನಾನೊಮ್ಮೆ ತಾವುಲ್ಲಿಯಕ್ಕೆ ಹೋಗಬೇಕು. ಅಲ್ಲಿಗೆ ಹೋಗಿ ಬಂದ ಮೇಲೆ ಸಂಖ್ಯೆ ಆರಿಸಿಕೊಳ್ಳುತ್ತೇನೆ,” ಎಂದನು ಹುಡುಗ. ಊರಿನ ಹೆಸರು ಕೇಳಿದಾಗ ಯಾರೋ ಬಹುವಚನದಲ್ಲಿ “ತಾವೆಲ್ಲಿಯವರು?” ಎಂದು ವಿಚಾರಿಸಿದಂತಾಯಿತು ನನ್ನ ಕನ್ನಡದ ಕಿವಿಗೆ. ನವೆಂಬರ್ 1ನೆಯ ತಾರೀಖು ಶುಕ್ರವಾರ, ಸಕಲ ಸಂತರ ಹಬ್ಬವೆಂದು ಇಟಲಿಗೆಲ್ಲ ರಜೆ. ನಮಗೆ ಅಂದು ದೀಪಾವಳಿಯ ಅಮಾವಾಸ್ಯೆ, ಜೊತೆಗೆ ರಾಜ್ಯೋತ್ಸವ. “ಹಬ್ಬದ ದಿನ ಮನೆಯಲ್ಲಿರುವುದು ಬಿಟ್ಟು!” ಎಂದು ಮಗಳು ಗೊಣಗಿದಳು. ಆದರೂ ಅಳಿಯಂದಿರು ಕಾರು ತೆಗೆದರು.

ತಾವುಲ್ಲಿಯ ಗುಡ್ಡದ ಮೇಲಿನ ಊರು. ಸಮುದ್ರದ ಬಯಲಿನಿಂದ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಎರಡೂ ಬದಿಗೆ ದ್ರಾಕ್ಷಿ ಬಳ್ಳಿಗಳು ಎಲೆ ಕೆಂಪಾಗಿಸಿಕೊಂಡು ನಿಂತಿದ್ದವು. ಊರಿನ ಹಳೆಯ ಹೆಸರು ‘ತೊಂಬಾ ದಿ ಪೇಸರೊ’. ತೊಂಬಾ ಎಂದರೆ ಆ ಭಾಷೆಯಲ್ಲಿ ಗೋರಿ. ಗೋರಿಯೆಂಬ ಹೆಸರನ್ನು ತೆಗೆದುಹಾಕಿ ಈಗಿನ ಹೆಸರಿಟ್ಟದ್ದು 1938ರಲ್ಲಂತೆ. ಊರಿನ ಮೊದಲ ಮನೆಗಳು ಕಾಣುವಷ್ಟರಲ್ಲಿ ನಾನು ಕಾರಿನೊಳಗೆ ನೆಟ್ಟಗೆ ಕುಳಿತೆ. ಕಿಟಕಿಗಳಿಂದ, ಕಂಬಗಳಿಂದ ಅರಿಶಿನ ಬಣ್ಣದ ಬಾವುಟಗಳು ಇಳಿಬಿದ್ದಿದ್ದವು. ರಾಜ್ಯೋತ್ಸವದ ದಿನ ಕನ್ನಡಿಗನೊಬ್ಬನಿಗೆ ಆ ದೃಶ್ಯ ಏನು ಮಾಡೀತೆಂದು ಓದುಗರು ಊಹಿಸಬಹುದು. ಕೆಳಗೆ ಕುಂಕುಮದ ಪಟ್ಟಿಯೊಂದು ಇಲ್ಲದ್ದೇ ಕೊರತೆ! ಅದರ ಬದಲು ಪ್ರತಿಯೊಂದು ಬಾವುಟದ ಮೇಲೂ ಎರಡು ಅಂಕಿಗಳಿದ್ದವು: 46.

ವಾಲೆಂಟಿನೊ ರೋಸ್ಸಿಯ ಹೆಸರನ್ನು ಕೇಳದ ಹುಡುಗರು ನಮ್ಮ ಬೆಂಗಳೂರು ಮೈಸೂರುಗಳಲ್ಲಿಯೂ ವಿರಳ. ಆತ ಹುಟ್ಟಿದ್ದು 1979ರ ಫೆಬ್ರವರಿಯಲ್ಲಿ, ಹತ್ತಿರದ ಉರ್ಬೀನೊ ಪಟ್ಟಣದಲ್ಲಿ. ಬೆಳೆದದ್ದು ಈ ಗುಡ್ಡದ ಮೇಲೆ. 1997ರಿಂದ 2009ರವರೆಗೆ ಒಂಬತ್ತು ಸಲ ಜಗತ್ತಿನ ಚಾಂಪಿಯನ್ ಆದನು. ಗೆದ್ದ ಗ್ರಾನ್ ಪ್ರಿ ಪಂದ್ಯಗಳು ಒಟ್ಟು 115. ಆತ ಗೆದ್ದ ದಿನ ಊರಿನ ಪಾದ್ರಿಗಳು ಇಗರ್ಜಿಯ ಗಂಟೆ ಬಾರಿಸುತ್ತಿದ್ದರು. ಊಟದ ಹೊತ್ತಿಗೆ ಗಂಟೆ ಕೇಳಿದರೆ ಟೆಲಿವಿಷನ್ ಇಲ್ಲದವರಿಗೂ ಸುದ್ದಿ ತಿಳಿಯುತ್ತಿತ್ತೆಂದು ಕಾಣುತ್ತದೆ.

ಆದರೆ ಆ 46 ಅವನದಲ್ಲ, ಅಪ್ಪನದು. ತಂದೆ ಗ್ರಾತ್ಸಿಯಾನೊ ರೋಸ್ಸಿಯೂ ಸವಾರರೇ. ಪೇಸರೊ ಪಟ್ಟಣದಲ್ಲಿ ಮರಗೆಲಸದ ಯಂತ್ರಗಳನ್ನು ತಯಾರಿಸುತ್ತಿದ್ದ ಮೊರ್ಬಿದೆಲ್ಲಿ ಎಂಬವರು ಮೋಟಾರ್ ಸೈಕಲ್ಲುಗಳ ಮೋಹದಿಂದ ಪಂದ್ಯದ ಬೈಕುಗಳನ್ನೂ ಕಟ್ಟುತ್ತಿದ್ದರು. ಆ 250 ಸಿ.ಸಿ. ಬೈಕಿನ ಮೇಲೆ ಗ್ರಾತ್ಸಿಯಾನೊ 1979ರಲ್ಲಿ ಮೂರು ಗ್ರಾನ್ ಪ್ರಿಗಳನ್ನು ಗೆದ್ದರು. ಮೊದಲನೆಯ ಗೆಲುವು ಯುಗೊಸ್ಲಾವಿಯದಲ್ಲಿ. ಅಂದು ಬೈಕಿನ ಮೇಲಿದ್ದುದು 46. ಮಗನು ಆಗ ನಾಲ್ಕು ತಿಂಗಳ ಕೂಸು, ತೊಟ್ಟಿಲಿನಲ್ಲಿದ್ದನು. ಅಪ್ಪನ ಪಾಲಿಗೆ ಮುಂದೆ ಅಂಥ ದೊಡ್ಡ ಗೆಲುವುಗಳು ಬರಲಿಲ್ಲ. ಮಗನು ಬೆಳೆದು 1996ರಲ್ಲಿ ಜಾಗತಿಕ ಪಂದ್ಯಗಳಿಗೆ ಇಳಿದಾಗ ಅದೇ ಸಂಖ್ಯೆಯನ್ನು ಎತ್ತಿಕೊಂಡನು.

ಎತ್ತಿಕೊಂಡದ್ದು ದೊಡ್ಡದಲ್ಲ, ಬಿಡದೆ ಇಟ್ಟುಕೊಂಡದ್ದು ದೊಡ್ಡದು. ಏಕೆಂದರೆ ಚಾಂಪಿಯನ್ ಆದವನಿಗೆ ಮರುವರ್ಷ 1 ಎಂಬ ಸಂಖ್ಯೆಯನ್ನು ಧರಿಸುವ ಹಕ್ಕುಂಟು. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅದೊಂದು ಕಿರೀಟವಿದ್ದ ಹಾಗೆ. ರೋಸ್ಸಿಯ ಮನೆಬಾಗಿಲಿಗೆ ಆ ಕಿರೀಟ ಮತ್ತೆ ಮತ್ತೆ ಬಂದರೂ ಅಪ್ಪನ 46ನ್ನು ಕಳಚಿಡಲಿಲ್ಲ. ಆತನಿಗಿಂತ ಹಿಂದೆ ಇಂಗ್ಲೆಂಡಿನ ಬ್ಯಾರಿ ಶೀನ್ ಇದೇ ಬಗೆಯ ಹಟ ಹಿಡಿದಿದ್ದನು. 1976 ಮತ್ತು 1977ರಲ್ಲಿ ಚಾಂಪಿಯನ್ ಆದರೂ ಅವನ 7 ಅವನನ್ನು ಬಿಟ್ಟುಹೋಗಲಿಲ್ಲ. ಆ ಕಾಲದಲ್ಲಿ ಸಾಮಾನ್ಯ ಸವಾರನು ಹಿಂದಿನ ವರ್ಷ ಎಷ್ಟನೆಯವನಾದನೋ ಆ ಸಂಖ್ಯೆಯನ್ನೇ ಹಣೆಗೆ ಕಟ್ಟಿಕೊಂಡು ತಿರುಗಬೇಕಿತ್ತು. ಶಾಲೆಯಲ್ಲಿ ಹುಡುಗನು ತನ್ನ ರ್‍ಯಾಂಕನ್ನು ಅಂಗಿಯ ಮೇಲೆ ಬರೆದುಕೊಂಡು ಬರಬೇಕೆಂದರೆ ಹೇಗಿರುತ್ತದೋ ಯೋಚಿಸಿ. ಇಂಗ್ಲೆಂಡಿನ ಪಕ್ಕದ ಮ್ಯಾನ್ ದ್ವೀಪದ ಪ್ರಸಿದ್ಧ ಪಂದ್ಯದಲ್ಲಿ ಸವಾರರು ಹತ್ತು ಹತ್ತು ಸೆಕೆಂಡುಗಳ ಅಂತರದಲ್ಲಿ ಒಬ್ಬೊಬ್ಬರಾಗಿ ಹೊರಡುತ್ತಾರೆ. ಅಲ್ಲಿ ಸಂಖ್ಯೆಯೆಂದರೆ ಹೊರಡುವ ಸರದಿ, ಅಷ್ಟೆ. ಸಂಖ್ಯೆಯು ರ್‍ಯಾಂಕೂ ಅಲ್ಲದೆ ಸರದಿಯೂ ಅಲ್ಲದೆ ಹೆಸರೇ ಆಗಿಬಿಟ್ಟದ್ದು ಗ್ರಾನ್ ಪ್ರಿ ಪಂದ್ಯಗಳಲ್ಲಿ, ಈಚಿನ ಕೆಲವು ದಶಕಗಳಲ್ಲಿ.

ರೋಸ್ಸಿ 2021ರ ನವೆಂಬರಿನಲ್ಲಿ ನಿವೃತ್ತನಾದನು. ಮರುವರ್ಷ ಮೇ ತಿಂಗಳಲ್ಲಿ ಮುಜೆಲ್ಲೊ ಎಂಬಲ್ಲಿ 46ನ್ನೂ ನಿವೃತ್ತಿಗೊಳಿಸಿದರು. ಮೋಟೋಜಿಪಿಯಲ್ಲಿ ಇನ್ನು ಯಾರಿಗೂ ಆ ಸಂಖ್ಯೆ ಸಿಕ್ಕುವುದಿಲ್ಲ. ಈಗ ಆತ ಕಾರುಗಳ ಪಂದ್ಯದಲ್ಲಿ ಓಡುವಾಗಲೂ ಬಾಗಿಲ ಮೇಲೆ 46 ಇರುತ್ತದೆ. ಊರಿನ ಹೊರವಲಯದಲ್ಲಿ ಮಣ್ಣಿನ ಓಟದ ದಾರಿ ಮಾಡಿಸಿ, ಎಳೆಯ ಸವಾರರಿಗೆ ಗರಡಿ ಇಟ್ಟಿದ್ದಾನೆ. ನಮ್ಮ ದೇಶದಲ್ಲಿ ಮೊದಲ ಸಲ 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಸಮೀಪದ ಬುದ್ಧ ಸರ್ಕೀಟಿನಲ್ಲಿ ಈ ಪಂದ್ಯ ನಡೆದಾಗ ಗೆದ್ದವನೂ ರೋಸ್ಸಿಯ ತಂಡದ ಹುಡುಗನೇ: ರಿಮಿನಿಯಲ್ಲಿ ಹುಟ್ಟಿದ ಮಾರ್ಕೊ ಬೆಜ್ಜೆಕ್ಕಿ, ಸಂಖ್ಯೆ 72.

ಕಾಫಿ ಕುಡಿಯಲು ಕುಳಿತ ಸಣ್ಣ ಅಂಗಡಿಯಲ್ಲಿ ಒಬ್ಬ ವೃದ್ಧರು ನನ್ನ ಮೊಮ್ಮಗನ ಹಳದಿ ಟೊಪ್ಪಿಗೆಯನ್ನು ನೋಡಿ ನಕ್ಕು ಏನೋ ಕೇಳಿದರು. “ನೀನೂ 46 ಆರಿಸಿಕೊಳ್ಳುತ್ತೀಯಾ?” ಎಂದು ಕೇಳಿದರಂತೆ. ಹುಡುಗ ಹೌದೆಂದಾಗ ವೃದ್ಧರು ತಲೆಯಾಡಿಸಿ ಹೇಳಿದ್ದನ್ನು ಅಳಿಯಂದಿರು ನನಗೆ ಕನ್ನಡಿಸಿದರು: “ಅದು ಅವನಿಗೆ ಅವನ ಅಪ್ಪನ ಸಂಖ್ಯೆ ಮಗು. ನಿನ್ನ ಅಪ್ಪನ ಸಂಖ್ಯೆ ಯಾವುದು?” ಅಳಿಯಂದಿರು ಔಷಧಿ ತಯಾರಿಕೆಯ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುವವರು. “ನನ್ನ ಸಂಖ್ಯೆ ಪ್ಯಾನ್ ಕಾರ್ಡಿನದು,” ಎಂದು ಅವರು ನಗಿಸಿದರೇನೋ ನಿಜ. ಹುಡುಗ ಮಾತ್ರ ಕಾರು ಹತ್ತುವವರೆಗೆ ಮಾತಾಡಲಿಲ್ಲ.

ಆ ರಾತ್ರಿ ಕತ್ತೋಲಿಕ ಎಂಬ ಕಡಲೂರಿನಲ್ಲಿ ತಂಗಿದೆವು. ಬೇಸಿಗೆಯಲ್ಲಿ ಕಾಲಿಡಲು ಜಾಗವಿರದ ಮರಳದಂಡೆ ಈಗ ಬರಿದಾಗಿತ್ತು. ನೆರಳಿನ ಕೊಡೆಗಳನ್ನು ಮಡಿಸಿ ಒಳಗಿಟ್ಟುಬಿಟ್ಟಿದ್ದರು. ರಾತ್ರಿಯ ಊಟಕ್ಕೆ ಆ ಸೀಮೆಯ ಪಿಯಾದಿನ. ನಮ್ಮ ಚಪಾತಿಯ ದಾಯಾದಿಯೆಂದರೆ ತಪ್ಪಾಗದು. ಕಾವಲಿಯ ಮೇಲೆ ಬೇಯಿಸಿ, ಗಿಣ್ಣು ಸೊಪ್ಪು ತುಂಬಿ ಮಡಿಸಿ ಕೊಡುತ್ತಾರೆ. ಹಬ್ಬದೂಟದ ಆಸೆಯನ್ನು ಅದರಿಂದಲೇ ತೀರಿಸಿಕೊಂಡೆವು.

ಮರುದಿನ ಬೆಳಿಗ್ಗೆ ಹೋಟೆಲಿನ ಟೆಲಿವಿಷನ್ನಿನ ಮುಂದೆ ಜನ ಸೇರಿದ್ದರು. ಮಲೇಷಿಯಾದ ಸೆಪಾಂಗಿನಲ್ಲಿ ಅಂದು ಶನಿವಾರದ ಕಿರು ಪಂದ್ಯ. ನಮ್ಮ ಹುಡುಗನ ಕಣ್ಣು ಫ್ರಾನ್ಚೆಸ್ಕೊ ಬಾನ್ಯಾಯನ ಮೇಲೆ. ಆತನೂ ರೋಸ್ಸಿಯ ಗರಡಿಯವನು. 2022, 2023ರ ಚಾಂಪಿಯನ್. ಆದ್ದರಿಂದ ಆಗ ಅವನ ಬೈಕಿನ ಮೇಲೆ 1 ಇತ್ತು. ಅವನ ಸ್ವಂತ ಸಂಖ್ಯೆ 63. ಅದರ ಕತೆ ಕೇಳಿದಾಗ ನನಗೆ ಪರಮ ಸಂತೋಷವಾಯಿತು. ಕಿರಿಯರ ವರ್ಗದಲ್ಲಿ ಅವನ ಸಂಖ್ಯೆ 21 ಇತ್ತು, ಅನಂತರದ ವರ್ಗದಲ್ಲಿ 42. ಮೇಲಿನ ವರ್ಗಕ್ಕೆ ಬಂದಾಗ 42 ಬೇರೊಬ್ಬನ ಬಳಿ ಇದ್ದುದರಿಂದ, ಎರಡನ್ನೂ ಕೂಡಿಸಿ 63 ಮಾಡಿಕೊಂಡನು! ಕಾರಿನ ನಂಬರಿನ ಅಂಕಿಗಳನ್ನು ಕೂಡಿಸಿ ಒಂಬತ್ತು ಬಂದರೆ ಮಾತ್ರ ಕೊಳ್ಳುವ, ಬಾರದಿದ್ದರೆ ಆರ್‌ಟಿಓ ಕಛೇರಿಯಲ್ಲಿ ಹಣ ಚೆಲ್ಲಿ ಬೇರೆ ನಂಬರು ಹಿಡಿಯುವ ನಮ್ಮ ಬೆಂಗಳೂರಿನ ಬಂಧುಗಳಿಗೆ ಈತ ಹತ್ತಿರದವನೇ. 63ನ್ನು ಕೂಡಿಸಿದರೆ ಒಂಬತ್ತಾಗುತ್ತದೆಂಬುದನ್ನು ಅವರು ಆಗಲೇ ಗಮನಿಸಿರುತ್ತಾರೆ.

ಮೂರನೆಯ ಸುತ್ತಿನಲ್ಲಿ 1ನೆಯ ಸಂಖ್ಯೆಯ ಬೈಕು ಜಾರಿ ಜಲ್ಲಿಯ ಮೇಲೆ ಉರುಳಿತು. ಕೋಣೆಯೆಲ್ಲ ಒಮ್ಮೆಲೇ “ಅಯ್ಯೋ” ಎಂದಂತಾಯಿತು. ಬಾನ್ಯಾಯ ಎದ್ದು ನಡೆದುಹೋದನು, ಏನೂ ಆಗಿರಲಿಲ್ಲ. ಆದರೆ ಆ ಋತುವಿನ ಚಾಂಪಿಯನ್ ಪಟ್ಟ ಎರಡು ವಾರಗಳ ಬಳಿಕ ಕೈತಪ್ಪಿತು. 2025ರಲ್ಲಿ ಆತ ತನ್ನ 63ಕ್ಕೆ ಮರಳಿದನು. ಅಂದು ನಾನು ಯೋಚಿಸುತ್ತಿದ್ದುದು ಬೇರೆ. ನಾವು ಮುಂದೆ ಹೋಗಬೇಕಾಗಿದ್ದ ಊರಿನ ಹುಡುಗನೊಬ್ಬ ಬಿದ್ದು ಏಳದೆ ಹೋದದ್ದು ಇದೇ ಸೆಪಾಂಗಿನಲ್ಲಿ.

ಕೊರಿಯಾನೊ ಕೂಡ ಗುಡ್ಡದ ಏಣಿನ ಮೇಲಿದೆ. 1944ರ ಸೆಪ್ಟೆಂಬರಿನಲ್ಲಿ ಈ ಏಣಿಗಾಗಿ ಘೋರ ಕದನ ನಡೆಯಿತು. ರಸ್ತೆಯ ಬದಿಯಲ್ಲಿ ಕಾಮನ್‌ವೆಲ್ತ್ ಸೈನಿಕರ ಸ್ಮಶಾನವಿದೆ. ಸಾಲುಸಾಲು ಬಿಳಿಯ ಕಲ್ಲುಗಳು, ಹೆಚ್ಚಿನವುಗಳ ಮೇಲೆ ಸೈನಿಕನ ಸಂಖ್ಯೆ, ಅದರ ಕೆಳಗೆ ಹೆಸರು. ಹೊರಗಿನಿಂದಲೇ ಕೈಮುಗಿದು ಮುಂದೆ ಹೋದೆವು. ಅಂದು ಮೃತರ ದಿನವಾದ್ದರಿಂದ ಊರಿನ ಜನವೆಲ್ಲ ಸೇವಂತಿಗೆ ಹೂವಿನ ಕುಂಡಗಳನ್ನು ಹಿಡಿದು ಸ್ಮಶಾನದ ಕಡೆ ನಡೆದಿದ್ದರು. ನಮ್ಮಲ್ಲಿ ಮದುವೆಗೂ ಪೂಜೆಗೂ ಬರುವ ಸೇವಂತಿಗೆ ಅಲ್ಲಿ ಸತ್ತವರ ಹೂವು. ಯಾರ ಮನೆಗೂ ಉಡುಗೊರೆಯಾಗಿ ಒಯ್ಯಬಾರದೆಂದು ಮಗಳು ಮೊದಲೇ ಎಚ್ಚರಿಸಿದ್ದಳು.

ಮಾರ್ಕೊ ಸಿಮೊನ್‌ಚೆಲ್ಲಿ ಈ ಊರಿನ ಹುಡುಗ. ಉದ್ದಾಳು, ಗುಂಗುರು ಕೂದಲು ಶಿರಸ್ತ್ರಾಣದೊಳಗೆ ಹೇಗೆ ಹಿಡಿಯುತ್ತಿತ್ತೋ ಎನ್ನಿಸುವ ತಲೆ. 2008ರಲ್ಲಿ 250 ಸಿ.ಸಿ. ವರ್ಗದ ಚಾಂಪಿಯನ್. ಅವನ ಸಂಖ್ಯೆ 58. 2011ರ ಅಕ್ಟೋಬರ್ 23ರಂದು ಸೆಪಾಂಗಿನ ಎರಡನೆಯ ಸುತ್ತಿನಲ್ಲಿ ಅವನ ಬೈಕು ಜಾರಿತು. ಜಾರಿದ್ದು ಹೊರಕ್ಕೆ ಹೋಗದೆ ದಾರಿಗೆ ಅಡ್ಡಲಾಗಿ ಮರಳಿ ಬಂದಿತು. ಹಿಂದಿನಿಂದ ಬರುತ್ತಿದ್ದ ಇಬ್ಬರಿಗೆ ತಪ್ಪಿಸಿಕೊಳ್ಳಲು ಆಸ್ಪದವಿರಲಿಲ್ಲ. ಆ ಇಬ್ಬರಲ್ಲಿ ಒಬ್ಬನು ರೋಸ್ಸಿ. ಪಕ್ಕದ ಗುಡ್ಡದ ಊರಿನವನು, ಜೊತೆಯಲ್ಲೇ ಅಭ್ಯಾಸ ಮಾಡುತ್ತಿದ್ದ ಆಪ್ತಮಿತ್ರ. ಸಿಮೊನ್‌ಚೆಲ್ಲಿಗೆ ಇಪ್ಪತ್ತನಾಲ್ಕು ವರ್ಷ. ಈ ಎರಡು ಊರುಗಳ ನಡುವಿನ ದಾರಿಯಲ್ಲಿ ಆಗ ತಾನೆ ಬಂದಿದ್ದ ನನಗೆ, ಅದು ಎಷ್ಟು ಸಣ್ಣ ದಾರಿ ಎಂಬುದು ಮನಸ್ಸನ್ನು ಕೊರೆಯಿತು.

ಹದಿನೈದು ದಿನಗಳ ಬಳಿಕ ಸ್ಪೇನಿನ ವಲೆನ್ಸಿಯದಲ್ಲಿ ಋತುವಿನ ಕೊನೆಯ ಪಂದ್ಯ. ಮೃತರಿಗಾಗಿ ಒಂದು ನಿಮಿಷ ಮೌನ ಆಚರಿಸುವುದು ಲೋಕರೂಢಿ. ಮಗನ ತಂದೆ ಪಾವೊಲೊ ಸಿಮೊನ್‌ಚೆಲ್ಲಿಯವರು ಮೌನ ಬೇಡವೆಂದರು, ಗದ್ದಲ ಬೇಕೆಂದರು. ಅಂತೆಯೇ ಸವಾರರೆಲ್ಲ ಒಟ್ಟಾಗಿ ಒಂದು ಸುತ್ತು ಓಡಿದರು, ಪಟಾಕಿ ಸಿಡಿಸಿದರು. ಮುಂದಾಳಾಗಿ ಸಿಮೊನ್‌ಚೆಲ್ಲಿಯ ಬೈಕನ್ನೇ ಏರಿ ನಡೆದವನು ಅಮೆರಿಕದ ಕೆವಿನ್ ಷ್ವಾಂಟ್ಸ್. ಇವನ ಸಂಖ್ಯೆ 34. ಪಂದ್ಯವಾಡುತ್ತಿದ್ದ ಸೋದರಮಾವನಿಂದ ಬಂದದ್ದು. ಷ್ವಾಂಟ್ಸ್ 1995ರಲ್ಲಿ ನಿವೃತ್ತನಾದಾಗ ಆ ಸಂಖ್ಯೆಯನ್ನೂ ಗೌರವದಿಂದ ತೆಗೆದಿರಿಸಿದರು. ಅಂದೇ ತನ್ನ ಕೊನೆಯ ಪಂದ್ಯವಾಡುತ್ತಿದ್ದ ಹಿರಿಯ ಸವಾರ ಲೊರಿಸ್ ಕಾಪಿರೋಸ್ಸಿಯು ತನ್ನ 65ನ್ನು ಬದಿಗಿಟ್ಟು 58ನ್ನು ಧರಿಸಿ ಓಡಿದನು. ತನ್ನ ಹೆಸರಿನಂತಿದ್ದ ಸಂಖ್ಯೆಯನ್ನು ಕೊನೆಯ ದಿನವೇ ಬಿಟ್ಟುಕೊಡುವುದು ಎಂಥ ಮಾತೆಂದು ಮೊಮ್ಮಗನೇ ನನಗೆ ವಿವರಿಸಿದನು.

ಊರಿನಲ್ಲಿ ಅವನ ವಸ್ತುಗಳನ್ನಿರಿಸಿದ ಸಂಗ್ರಹಾಲಯವಿದೆ. ನನಗೆ ಅದಕ್ಕಿಂತ ಹಿಡಿಸಿದ್ದು ಬಯಲಿನಲ್ಲಿ ನಿಲ್ಲಿಸಿರುವ ಸ್ಮಾರಕ. ಪ್ರತಿಮೆಯಲ್ಲ, ಕುದುರೆಯ ಮೇಲೆ ಕತ್ತಿ ಹಿರಿದ ವೀರನಲ್ಲ. ಬೈಕಿನ ಹೊಗೆಕೊಳವೆಯ ಆಕಾರದ ಒಂದು ದೊಡ್ಡ ಉಕ್ಕಿನ ಕೊಳವೆ, ಅಷ್ಟೆ. ಆರ್ಕಾಂಜೆಲೊ ಸಸ್ಸೊಲೀನೊ ಎಂಬ ಶಿಲ್ಪಿಯ ಕೃತಿ. ಪ್ರತಿ ಭಾನುವಾರ, ಎಂದರೆ ಪಂದ್ಯದ ವಾರದಂದು, ಆ ಕೊಳವೆಯ ಬಾಯಿಂದ ಜ್ವಾಲೆ ಹೊರಡುವಂತೆ, ಸರಿಯಾಗಿ 58 ಸೆಕೆಂಡು ಉರಿದು ಆರುವಂತೆ ಅದನ್ನು ರಚಿಸಿದ್ದಾರೆ.

ನಾವು ಹೋದದ್ದು ಶನಿವಾರ! ಭಾನುವಾರದವರೆಗೆ ನಿಲ್ಲಲು ಅಳಿಯಂದಿರಿಗೆ ಆಗದು. ತಣ್ಣಗಿದ್ದ ಕೊಳವೆಯ ಮುಂದೆ ನಿಂತು ನಾನು ಪೇಚಾಡಿದೆ. ಮೊಮ್ಮಗನು ಮಾತಿಲ್ಲದೆ ಕೈಗಡಿಯಾರದ ಗುಂಡಿಯನ್ನೊತ್ತಿ ನಿಂತುಕೊಂಡನು. 58 ಸೆಕೆಂಡು ಎಷ್ಟು ದೀರ್ಘವೆಂಬುದು, ಏನೂ ಉರಿಯದಿದ್ದಾಗ ನಿಂತು ನೋಡಿದವರಿಗೆ ಗೊತ್ತು. ಗಡಿಯಾರ ಮುಗಿಯಿತೆಂದು ಕೀಚ್ ಎಂದಾಗ ಹುಡುಗ ಟೊಪ್ಪಿಗೆಯನ್ನು ತೆಗೆದು ಜೇಬಿಗೆ ತುರುಕಿದನು.

“ತಾತ, ಅವರಮ್ಮ ರುಜು ಹಾಕಿದ್ದರಲ್ಲವೆ?” ಎಂದನು.

ಏನು ಹೇಳುವುದೆಂದು ತಿಳಿಯದೆ, “ಹಾಕಿದ್ದಿರಬೇಕು ಮರಿ,” ಎಂದೆ.

ಪಾವೊಲೊ ಸಿಮೊನ್‌ಚೆಲ್ಲಿಯವರು ಮಗನನ್ನು ಕಳೆದುಕೊಂಡ ಮೇಲೆ ಈ ಪಂದ್ಯಗಳ ಮುಖ ನೋಡದೆ ಇರಬಹುದಿತ್ತು. ಅದರ ಬದಲು 58ರ ಹೆಸರಿನಲ್ಲಿಯೇ ಎಳೆಯ ಸವಾರರ ತಂಡವೊಂದನ್ನು ಕಟ್ಟಿದರು. 2019ರ ಸೆಪ್ಟೆಂಬರಿನಲ್ಲಿ ಆ ತಂಡದ ಜಪಾನೀ ಹುಡುಗ ತಾತ್ಸುಕಿ ಸುಜುಕಿ ಕಿರಿಯರ ವರ್ಗದಲ್ಲಿ ಗೆದ್ದನು. ಗೆದ್ದದ್ದು ಎಲ್ಲಿ? ಕೊರಿಯಾನೊ ಗುಡ್ಡದ ಬುಡದಲ್ಲಿರುವ ಮಿಸಾನೊದಲ್ಲಿ. ಮಗನ ಹೆಸರಿಟ್ಟಿರುವ ಪಂದ್ಯಮಾರ್ಗದ ಮೇಲೆಯೇ. ಬೇರೆ ಮಕ್ಕಳನ್ನು ಅದೇ ಅಪಾಯಕ್ಕೆ ಕಳುಹಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ನನ್ನ ಮಗಳೇ ಕೇಳುತ್ತಾಳೆ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಆ ತಂದೆಯ ಜಾಗದಲ್ಲಿ ನಿಂತು ನೋಡುವ ಧೈರ್ಯವೂ ನನಗಿಲ್ಲ.

ಮಿಸಾನೊದ ಈ ಮಾರ್ಗ 1972ರಲ್ಲಿ ಆರಂಭವಾದದ್ದು. ಈಗಿನ ಉದ್ದ 4 ಕಿಲೋಮೀಟರಿಗೆ ತುಸು ಹೆಚ್ಚು. ಮೊದಲು ಎಡಸುತ್ತಾಗಿದ್ದ ಓಟವನ್ನು 2007ರಲ್ಲಿ ಬಲಸುತ್ತಾಗಿ ತಿರುಗಿಸಿದರು. ಅಮೆರಿಕದ ವೇನ್ ರೇನಿ 1ನೆಯ ಸಂಖ್ಯೆ ಧರಿಸಿ ಓಡುತ್ತ 1993ರಲ್ಲಿ ಇಲ್ಲಿಯೇ ಬಿದ್ದು, ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡನು. ಅಂದು ಪಂದ್ಯವಿರಲಿಲ್ಲ, ಬೇಲಿಯಾಚೆ ಬರಿಯ ಮೌನ. ನಾನು ಬೆರಗಾದದ್ದು ಗೇಟಿನ ಮುಂದಿನ ರಸ್ತೆಯ ಹೆಸರನ್ನು ಓದಿ: ಡೈಜಿರೊ ಕಾತೊ ರಸ್ತೆ. ಇಟಲಿಯ ಕಡಲಂಚಿನಲ್ಲಿ ಜಪಾನೀಯನ ಹೆಸರು! ಕಾತೊ 2001ರ 250 ಸಿ.ಸಿ. ಚಾಂಪಿಯನ್; ಸಂಖ್ಯೆ 74; ಮುಂದೆ ಸಿಮೊನ್‌ಚೆಲ್ಲಿ ಓಡಿದ ಗ್ರೆಸೀನಿ ತಂಡದ ಸವಾರ. 2003ರ ಏಪ್ರಿಲಿನಲ್ಲಿ ತನ್ನದೇ ದೇಶದ ಸುಜುಕಾದಲ್ಲಿ ಅಪಘಾತಕ್ಕೀಡಾಗಿ ಎರಡು ವಾರಗಳ ಬಳಿಕ ತೀರಿಕೊಂಡನು. ಮುಂದಿನ ಪಂದ್ಯವನ್ನು ತಂಡದ ಸಂಗಾತಿ ಸೆಟೆ ಜಿಬರ್ನಾವ್ ಗೆದ್ದು, 74ನ್ನು ಮೈಮೇಲೆ ಧರಿಸಿ ಆಕಾಶದ ಕಡೆ ಕೈತೋರಿದನು. ಆ ಸಂಖ್ಯೆಯೂ ಈಗ ಯಾರಿಗೂ ಸಿಕ್ಕುವುದಿಲ್ಲ. ಹೀಗೆ ಒಬ್ಬನ ಹೆಸರಿನ ರಸ್ತೆ ಇನ್ನೊಬ್ಬನ ಹೆಸರಿನ ಬಾಗಿಲಿಗೆ ಹೋಗಿ ಮುಟ್ಟುತ್ತದೆ.

ಸ್ವಲ್ಪ ದೂರದ ಒಂದು ಅಡ್ಡರಸ್ತೆಯಲ್ಲಿ ಪುಟ್ಟ ತೋಟ. ‘ನಿಕಿಯ ತೋಟ’ವೆಂದು ಹೆಸರು. 2006ರಲ್ಲಿ ರೋಸ್ಸಿಯನ್ನೇ ಐದು ಅಂಕಗಳಿಂದ ಹಿಂದಿಕ್ಕಿ ಚಾಂಪಿಯನ್ ಆದ ಅಮೆರಿಕದ ನಿಕಿ ಹೇಡನ್, 2017ರ ಮೇ ತಿಂಗಳಲ್ಲಿ ಇಲ್ಲಿ ಕಾಲ್ತುಳಿಯುವ ಸೈಕಲ್ ಹೊಡೆಯುತ್ತಿದ್ದಾಗ ಕಾರು ಬಡಿದು ಅಸುನೀಗಿದನು. ವರ್ಷಗಟ್ಟಲೆ ಗಂಟೆಗೆ ಮುನ್ನೂರು ಕಿಲೋಮೀಟರಿನ ಓಟದಲ್ಲಿ ಬದುಕಿ ಉಳಿದವನು! ಅವನ ಸಂಖ್ಯೆ 69. ಕೆಂಟಕಿಯ ಓವೆನ್ಸ್‌ಬರೊ ಊರಿನಲ್ಲಿ ಪಂದ್ಯವಾಡುತ್ತಿದ್ದ ತಂದೆ ಅರ್ಲ್ ಹೇಡನರಿಂದ ಬಂದದ್ದು. ಆ ತಂದೆಯ ಸಮಜಾಯಿಷಿ ಸೊಗಸಾಗಿದೆ: ಬಿದ್ದು ತಲೆಕೆಳಗಾಗಿದ್ದರೂ 69 ಮಾತ್ರ 69ಆಗಿಯೇ ಓದಿಸಿಕೊಳ್ಳುತ್ತದೆ! ಅಮೆರಿಕದವರು ತಾರೀಖು ಬರೆಯುವಾಗ ತಿಂಗಳನ್ನು ಮೊದಲು ಬರೆಯುತ್ತಾರಷ್ಟೆ; ಆದ್ದರಿಂದ ಆರನೆಯ ತಿಂಗಳ ಒಂಬತ್ತನೆಯ ದಿನವನ್ನು ಓವೆನ್ಸ್‌ಬರೊದವರು ನಿಕಿಯ ದಿನವೆಂದು ಘೋಷಿಸಿಕೊಂಡಿದ್ದಾರೆ.

ಆ ಸಮಜಾಯಿಷಿಯನ್ನು ಕೇಳಿ ಅಳಿಯಂದಿರು ನಕ್ಕರು. ನನಗೆ ನಗು ಬರಲಿಲ್ಲ. ಅಂಥದೇ ಮಾತನ್ನು ನಾನು ಐವತ್ತು ವರ್ಷಗಳ ಹಿಂದೆ ಮೈಸೂರಿನ ನಮ್ಮ ಮನೆಯ ಜಗಲಿಯಲ್ಲಿ ಕೇಳಿದ್ದೆ.

ನನ್ನ ತಮ್ಮನ ಬಳಿ ಮೈಸೂರಿನ ಕಾರ್ಖಾನೆಯಲ್ಲಿಯೇ ತಯಾರಾದ ಜಾವಾ ಬೈಕು ಇತ್ತು. ಅದರ ‘ಡುಗು ಡುಗು’ ಸದ್ದು ನಮ್ಮ ಬೀದಿಗೆಲ್ಲ ಪರಿಚಿತ. ಮದರಾಸಿನ ಬಳಿಯ ಷೋಳಾವರಂ ವಿಮಾನದಾರಿಯಲ್ಲಿ ಆಗ ಪಂದ್ಯಗಳು ನಡೆಯುತ್ತಿದ್ದವು. 1972ರಲ್ಲಿ ಅವನು ಮನೆಯಲ್ಲಿ ಅರ್ಧ ನಿಜ ಹೇಳಿ ಅಲ್ಲಿಗೆ ಹೊರಟನು. ಹಿಂದಿನ ಸಂಜೆ ತಗಡಿನ ಗುಂಡು ಫಲಕಕ್ಕೆ ಬಿಳಿಯ ಬಣ್ಣ ಬಳಿದು 31 ಎಂದು ಬರೆಯುತ್ತಿದ್ದುದನ್ನು ನಾನು ಕಂಡೆ. 31 ನಮ್ಮ ಮನೆಯ ಬಾಗಿಲ ಸಂಖ್ಯೆ. ಏಕೆಂದು ಕೇಳಿದ್ದಕ್ಕೆ, “ಬಿದ್ದರೆ ಎಲ್ಲಿಗೆ ತಂದು ಹಾಕಬೇಕೆಂದು ಜನಕ್ಕೆ ಗೊತ್ತಿರಲಿ, ಅಣ್ಣಯ್ಯ,” ಎಂದು ನಕ್ಕನು. ಒಳಗೆ ಹೂ ಕಟ್ಟುತ್ತಿದ್ದ ಅಮ್ಮನಿಗೆ ಆ ಮಾತು ಕೇಳಿಸಿತೆಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ತಿರುವಿನಲ್ಲಿ ಅತಿವೇಗ ಮಾಡಿ ಬಿದ್ದು, ಕತ್ತಿನ ಪಕ್ಕದ ಎಲುಬು ಮುರಿದುಕೊಂಡು, ರೈಲಿನಲ್ಲಿ ಮನೆಗೆ ಬಂದನು. ಅಮ್ಮ ಅವನನ್ನು ಬೈಯಲಿಲ್ಲ. ಅನ್ನ ಕಲಸಿ ತಿನ್ನಿಸಿದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿತ್ತಲಿನಲ್ಲಿ ಸದ್ದಾಯಿತೆಂದು ನಾನು ಎದ್ದು ನೋಡಿದರೆ, ಲಾಟೀನಿನ ಬೆಳಕಿನಲ್ಲಿ ಕುಳಿತು, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಆ ಫಲಕವನ್ನು ತಿಕ್ಕುತ್ತಿದ್ದಳು. ಅಂಕಿಗಳು ಪೂರ್ತಿ ಹೋಗಲಿಲ್ಲ. ತಮ್ಮ ಮತ್ತೆ ಪಂದ್ಯಕ್ಕೆ ಹೋಗಲೂ ಇಲ್ಲ. ನೌಕರಿ ಮಾಡಿ, ಮಕ್ಕಳನ್ನು ಓದಿಸಿ, ತುಂಬು ವಯಸ್ಸಿನಲ್ಲಿ ತೀರಿಕೊಂಡನು. ಮಾಸಿದ 31ರ ಆ ತಗಡು ಇಂದಿಗೂ ನಮ್ಮ ಷೆಡ್ಡಿನ ಗೋಡೆಯ ಮೊಳೆಗೆ ತೂಗಿಕೊಂಡಿದೆ.

ಇದನ್ನೆಲ್ಲ ನಿಕಿಯ ತೋಟದ ಕಲ್ಲುಬೆಂಚಿನ ಮೇಲೆ ಕುಳಿತು ಮೊಮ್ಮಗನಿಗೆ ಹೇಳಿದೆ. ಹೇಳಬಾರದಿತ್ತೇನೋ.

“ಚಿಕ್ಕತಾತ ಮತ್ತೆ ಏಕೆ ಹೋಗಲಿಲ್ಲ? ಹೆದರಿಕೆಯೆ?”

“ಅಲ್ಲ. ಅಮ್ಮ ತಿಕ್ಕುತ್ತಿದ್ದುದನ್ನು ಅವನೂ ನೋಡಿದ್ದ.”

ಬೊಲೊನ್ಯಕ್ಕೆ ಮರಳಿದಾಗ ಕತ್ತಲಾಗಿತ್ತು. ಬಲಿಪಾಡ್ಯಮಿಯ ಸಂಜೆ, ಮಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಹಣತೆ ಹಚ್ಚಿಟ್ಟಿದ್ದಳು. ಊಟವಾಯಿತು. ಹುಡುಗ ಬೇಗನೆ ಮಲಗಿದನು. ನೀರು ಕುಡಿಯಲು ನಾನು ಅಡಿಗೆಮನೆಗೆ ಹೋದಾಗ, ಮಗಳು ಫ್ರಿಜ್ಜಿನ ಮುಂದೆ ಅರ್ಜಿಯ ಹಾಳೆ ಹಿಡಿದು ನಿಂತಿದ್ದಳು. ಸಂಖ್ಯೆಯ ಜಾಗದಲ್ಲಿ ಪೆನ್ಸಿಲಿನಿಂದ, ಅಳಿಸಿದರೆ ಹೋಗುವಂತೆ ತೆಳ್ಳಗೆ, 31 ಎಂದು ಬರೆದಿತ್ತು.

“ನೀವು ಹೇಳಿಕೊಟ್ಟಿರಾ, ಅಪ್ಪ?”

“ಇಲ್ಲಮ್ಮ. ತಗಡಿನ ಕತೆ ಹೇಳಿದೆ, ಅಷ್ಟೆ.”

“ಅಜ್ಜಿ ತಿಕ್ಕಿದ್ದನ್ನೂ ಹೇಳಿದಿರಾ?”

“ಅದನ್ನೂ ಹೇಳಿದೆ.”

ಅವಳು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದಳು. ರುಜು ಮಾಡಲಿಲ್ಲ, ಅಂಕಿಯನ್ನು ಅಳಿಸಲೂ ಇಲ್ಲ. ಮತ್ತೆ ಅದೇ ಜಾಗದಲ್ಲಿ ಬಿಲ್ಲೆಯಿಟ್ಟು ಒತ್ತಿ, ಒಳಕೋಣೆಯ ಕಡೆ ಕತ್ತು ಚಾಚಿ ಗಂಡನನ್ನು ಕೇಳಿದಳು:

“ರೀ, ಬೆನ್ನಿಗೂ ಎದೆಗೂ ಕಟ್ಟುವ ಆ ರಕ್ಷೆಗೆ ಎಷ್ಟಾಗುತ್ತದೆಂದು ವಿಚಾರಿಸಿದ್ದಿರಲ್ಲ, ಎಷ್ಟೆಂದರು?”